ಕಾಲ್ಚೆಂಡಾಟವೂ ಶೀಲವೂ

ರಾಜ್ಯೋತ್ಸವದ ಸಂಚಿಕೆಯೆಂದರೆ ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ನೆನಪಿಗೆ ಬರುವುದು ಸಹಜ. ಕವಿಗಳನ್ನೂ ಏಕೀಕರಣಕ್ಕಾಗಿ ದುಡಿದ ಹಿರಿಯರನ್ನೂ ನೆನೆಯುವುದು ಉಚಿತವೇ ಸರಿ. ಅಂಥವರ ನಡುವೆ ಒಂದು ತೊಗಲಿನ ಚೆಂಡಿಗೂ ನಾಲ್ಕು ಪುಟ ಬೇಕೆಂದು ಕೇಳಿದರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೂ ಕೇಳುತ್ತಿದ್ದೇನೆ. ಕನ್ನಡನಾಡಿನ ಹೆಸರನ್ನು ಲಂಡನ್ನಿನವರೆಗೂ ಹೆಲ್ಸಿಂಕಿಯವರೆಗೂ ಒಯ್ದ ತರುಣರಲ್ಲಿ ಕಾಲ್ಚೆಂಡಿನವರು ಮುಖ್ಯರು. ಅವರಲ್ಲಿ ಹಲವರು ಪರಸ್ಥಳದಿಂದ ಬಂದು ಬೆಂಗಳೂರಿನಲ್ಲಿ ನೆಲೆನಿಂತ ಜನರ ಕೇರಿಗಳಲ್ಲಿ ಬೆಳೆದವರು. ಅವರ ಕಥೆಯಲ್ಲಿ ಚೆನ್ನೈಯಲ್ಲಿ ಬಾಳುತ್ತಿರುವ ನಮಗೂ ನಮ್ಮ ಮಕ್ಕಳಿಗೂ ಸಲ್ಲುವ ಒಂದು ಮಾತಿದೆ. ಆಟದಿಂದ ಶೀಲ ಬೆಳೆಯುತ್ತದೆಂದು ದೊಡ್ಡವರು ಹೇಳುವುದುಂಟು. ಅದು ಹೇಗೆ ಬೆಳೆಯುತ್ತದೆ, ಯಾವಾಗ ಬೆಳೆಯುವುದಿಲ್ಲ ಎಂಬುದನ್ನು ಆ ಚರಿತ್ರೆಯನ್ನೇ ಮುಂದಿಟ್ಟುಕೊಂಡು ನೋಡೋಣ.

ಈ ವಿಚಾರಕ್ಕೆ ನಾವಿರುವ ಊರಿನಿಂದಲೇ ಆರಂಭ ಮಾಡಬಹುದು. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಪಶ್ಚಿಮ ದೇಶಗಳಿಂದ ಹಿಂದಿರುಗಿ ಮದ್ರಾಸಿಗೆ ಬಂದರು. ಕಡಲದಂಡೆಯ ಐಸ್ ಹೌಸಿನಲ್ಲಿ, ಎಂದರೆ ಈಗ ವಿವೇಕಾನಂದರ ಹೆಸರನ್ನೇ ಹೊತ್ತಿರುವ ಕಟ್ಟಡದಲ್ಲಿ, ಅವರು ಇಳಿದುಕೊಂಡಿದ್ದರು. ಆ ದಿನಗಳ ಒಂದು ಉಪನ್ಯಾಸದಲ್ಲಿ ಅವರು ಇಲ್ಲಿಯ ತರುಣರನ್ನು ಕುರಿತು, ಗೀತೆಯನ್ನು ಓದುವುದಕ್ಕಿಂತ ಕಾಲ್ಚೆಂಡಾಡಿದರೆ ನೀವು ಸ್ವರ್ಗಕ್ಕೆ ಇನ್ನಷ್ಟು ಹತ್ತಿರವಾಗುವಿರೆಂಬ ಅರ್ಥದ ಮಾತನ್ನಾಡಿದರು. ಕೇಳಿದವರು ಬೆಚ್ಚಿರಬೇಕು. ಅವರು ಗೀತೆಯನ್ನು ಹಳಿಯಲಿಲ್ಲ. ಮೈಯಲ್ಲಿ ಬಲವಿದ್ದವನಿಗೇ ಗೀತೆಯ ಅರ್ಥ ಚೆನ್ನಾಗಿ ತಿಳಿಯುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ದುರ್ಬಲತೆಯೇ ನಮ್ಮ ಜನರ ದೊಡ್ಡ ಶತ್ರುವೆಂದು ಬಗೆದವರು ಅವರು. ಅಂಥವರು ಉದಾಹರಣೆಗೆ ಗರಡಿಮನೆಯನ್ನು ಹೇಳಬಹುದಾಗಿತ್ತು, ದಂಡ ಬಸ್ಕಿಯನ್ನು ಹೇಳಬಹುದಾಗಿತ್ತು. ಅವರು ಹೇಳಿದುದು ಹನ್ನೊಂದು ಮಂದಿ ಕೂಡಿ ಆಡುವ ಆಟವನ್ನು. ಈ ಆಯ್ಕೆ ಅರ್ಥವಿಲ್ಲದುದಲ್ಲ.

ಹಾಗಾದರೆ ಈ ಆಟ ಶೀಲದ ಪಾಠವೆನಿಸಿಕೊಂಡುದು ಎಲ್ಲಿ? ಇಂಗ್ಲೆಂಡಿನ ದೊಡ್ಡ ಮನೆತನಗಳ ಮಕ್ಕಳು ಓದುವ ಶಾಲೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಒಂದೊಂದು ಶಾಲೆಗೆ ಒಂದೊಂದು ಬಗೆಯ ಕಾಲ್ಚೆಂಡಾಟವಿತ್ತು. ಒಂದು ಶಾಲೆಯ ನಿಯಮ ಇನ್ನೊಂದಕ್ಕೆ ಒಪ್ಪುತ್ತಿರಲಿಲ್ಲ. 1863ರಲ್ಲಿ ಲಂಡನ್ನಿನಲ್ಲಿ ಕೆಲವು ಕ್ಲಬ್ಬುಗಳವರು ಕೂಡಿ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿ ನಿಯಮಗಳನ್ನು ಬರೆದಿಟ್ಟರು. ಬೇರೆ ಬೇರೆ ಶಾಲೆಗಳಲ್ಲಿ ಕಲಿತವರು ಒಂದೇ ಮೈದಾನದಲ್ಲಿ ಆಡಲು ಸಾಧ್ಯವಾದುದು ಎಲ್ಲರೂ ಒಂದು ಕಟ್ಟಳೆಗೆ ತಲೆಬಾಗಿದುದರಿಂದ. ಬರವಣಿಗೆಯ ಆ ಕೆಲವು ವಾಕ್ಯಗಳು ಇಂದು ಇಡೀ ಜಗತ್ತಿನ ಆಟವಾಗಿ ಬೆಳೆದಿವೆ.

ಆ ಶಾಲೆಗಳಿಂದ ಹೊರಬಿದ್ದ ಅಧಿಕಾರಿಗಳೂ ಪಾದ್ರಿಗಳೂ ಸಿಪಾಯಿಗಳೂ ಚೆಂಡನ್ನು ನಮ್ಮ ದೇಶಕ್ಕೆ ತಂದರು. ತರುವಾಗ ಒಂದು ಬಗೆಯ ಅಹಂಕಾರವನ್ನೂ ಜೊತೆಯಲ್ಲಿ ತಂದರೆಂದು ಹೇಳಲೇಬೇಕು. ಕಾಶ್ಮೀರದ ಶ್ರೀನಗರದಲ್ಲಿ ಮಿಷನ್ ಶಾಲೆಯ ಮುಖ್ಯರಾಗಿದ್ದ ಟಿಂಡೇಲ್ ಬಿಸ್ಕೋ ಎಂಬವರು 1891ರ ಸುಮಾರಿಗೆ ಅಲ್ಲಿನ ಪಂಡಿತ ಮನೆತನಗಳ ಹುಡುಗರ ಮುಂದೆ ತೊಗಲಿನ ಚೆಂಡನ್ನು ಇಟ್ಟರು. ತೊಗಲು ಮೈಲಿಗೆಯೆಂದು ಹುಡುಗರು ಹಿಂದೆ ಸರಿದರು. ಕೋಲು ಹಿಡಿದವರನ್ನು ಸುತ್ತ ನಿಲ್ಲಿಸಿ ಅವರನ್ನು ಆಡಿಸಲಾಯಿತು. ಮುಂದೆ ಆ ಶಾಲೆಯ ಹುಡುಗರು ಬೆಂಕಿ ನಂದಿಸುವುದಕ್ಕೂ ಪ್ರವಾಹದಲ್ಲಿ ಜನರನ್ನು ಕಾಪಾಡುವುದಕ್ಕೂ ಮುಂದಾದರೆಂಬುದು ನಿಜ. ಆದರೂ ಕೋಲಿನ ಭಯದಿಂದ ಆಡಿಸಿದ ಆಟವನ್ನು ಶೀಲವೆನ್ನಲು ಮನಸ್ಸು ಒಪ್ಪದು. ಆಳುವವನು ಹೇಳಿಕೊಟ್ಟ ಶಿಸ್ತು ಆಳಿಸಿಕೊಳ್ಳುವವನಿಗೆ ವಿಧೇಯತೆಯನ್ನಷ್ಟೇ ಕಲಿಸೀತು. ಆಟವನ್ನು ಜನರು ತಾವಾಗಿ ತಮ್ಮದನ್ನಾಗಿ ಮಾಡಿಕೊಂಡಾಗಲೇ ಅದರ ಗುಣ ಹೊರಬಿತ್ತು. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದುದು ಇದಕ್ಕೆ ಮೊದಲ ದೊಡ್ಡ ನಿದರ್ಶನ.

ನಮ್ಮ ಚೆನ್ನೈಯಲ್ಲಿಯೂ ಬೇರೆ ಬಗೆಯ ಒಂದು ಪ್ರಯತ್ನ ನಡೆಯಿತು. ಅಮೆರಿಕದಿಂದ ಬಂದ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಇಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ನಂದನಂನಲ್ಲಿ ಅದರ ವಿಶಾಲವಾದ ಮೈದಾನವನ್ನು ನಮ್ಮಲ್ಲಿ ಬಹುಮಂದಿ ಬಸ್ಸಿನಿಂದಲಾದರೂ ನೋಡಿದ್ದೇವೆ. ಆಟ ಕಲಿಸುವುದೂ ಒಂದು ವಿದ್ಯೆ, ಅದಕ್ಕೆ ತರಬೇತಾದ ಉಪಾಧ್ಯಾಯರು ಬೇಕು ಎಂಬುದನ್ನು ಆ ಕಾಲೇಜು ದಕ್ಷಿಣ ದೇಶಕ್ಕೆ ಮನಗಾಣಿಸಿತು. ಡ್ರಿಲ್ ಮಾಸ್ತರೆಂದರೆ ಬೆತ್ತ ಹಿಡಿದು ಸಾಲಿನಲ್ಲಿ ನಿಲ್ಲಿಸುವವನೆಂಬ ಭಾವನೆ ಇದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಬೆಂಗಳೂರಿಗೆ ಬರೋಣ. 1809ರಲ್ಲಿ ಬ್ರಿಟಿಷರು ಹಲಸೂರಿನ ಕಡೆಯಲ್ಲಿ ತಮ್ಮ ಸೈನ್ಯಕ್ಕಾಗಿ ದಂಡನ್ನು ಸ್ಥಾಪಿಸಿದರು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಕೈಗೆ ಹಿಂದಿರುಗಿದಾಗಲೂ ದಂಡಿನ ಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. 1947ರ ಜುಲೈಯಲ್ಲಷ್ಟೇ ಅದು ಮೈಸೂರಿಗೆ ಮರಳಿತು. ಸೈನ್ಯವಿದ್ದ ಕಡೆ ಅಡಿಗೆಯವರು, ಅಗಸರು, ಕಲ್ಲುಕುಟಿಗರು, ಗಾಡಿಯವರು, ವ್ಯಾಪಾರಿಗಳು, ಗುಮಾಸ್ತರು ಎಲ್ಲರೂ ಬೇಕಲ್ಲವೆ? ಇವರಲ್ಲಿ ಬಹುಮಂದಿ ಮದ್ರಾಸ್ ಪ್ರಾಂತದ ತಮಿಳು, ತೆಲುಗು ಜಿಲ್ಲೆಗಳಿಂದ ಬಂದವರು. ಉರ್ದು ಮಾತನಾಡುವ ಮನೆತನಗಳೂ ಬಹಳ ಇದ್ದವು. ಹಲಸೂರು, ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರ ಈ ಕೇರಿಗಳು ಇಂಥ ಜನರಿಂದ ತುಂಬಿದುವು. ಪೇಟೆಯ ಕನ್ನಡಿಗರಿಗೂ ದಂಡಿನವರಿಗೂ ನಡುವೆ ಕಬ್ಬನ್ ಉದ್ಯಾನವಷ್ಟೇ ಅಲ್ಲ, ಒಂದು ಮನಸ್ಸಿನ ದೂರವೂ ಇತ್ತು.

ಬಿಳಿಯ ಸಿಪಾಯಿಗಳು ಸಂಜೆ ಕಾಲ್ಚೆಂಡಾಡುತ್ತಿದ್ದರು. ದಂಡಿನ ಹುಡುಗರು ಬೇಲಿಯಾಚೆ ನಿಂತು ನೋಡಿ ಕಲಿತರು. ಕಾಲಿಗೆ ಬೂಟು ಇರಲಿಲ್ಲ, ಮೈಗೆ ಒಂದೇ ಬನಿಯನ್ನು. ಆದರೆ ಈ ಆಟಕ್ಕೆ ಬೇಕಾದ ಸಾಮಾನು ಬಹಳ ಕಡಮೆ. ಕ್ರಿಕೆಟ್ಟಿಗೆ ಬೇಕಾಗುವ ಬ್ಯಾಟು, ಪ್ಯಾಡು, ಕೈಚೀಲಗಳ ಖರ್ಚಿಲ್ಲ. ಇಪ್ಪತ್ತೆರಡು ಜನಕ್ಕೆ ಒಂದೇ ಚೆಂಡು ಸಾಕು. ಬಡವರ ಕೇರಿಯಲ್ಲಿ ಈ ಆಟ ಬೇರುಬಿಟ್ಟುದಕ್ಕೆ ಇದೇ ಮುಖ್ಯ ಕಾರಣ.

ಬೇರು ಎಷ್ಟು ಆಳಕ್ಕೆ ಹೋಯಿತೆಂಬುದು 1937ರಲ್ಲಿ ದೇಶಕ್ಕೆ ತಿಳಿಯಿತು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದುದು. ನಲವತ್ತಾರು ವರ್ಷ ಅದನ್ನು ಗೆಲ್ಲುತ್ತ ಬಂದವರು ಬ್ರಿಟಿಷ್ ಸೈನ್ಯದ ತಂಡಗಳು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಕಲ್ಕತ್ತೆಯ ಮಹಮ್ಮದನ್ ಸ್ಪೋರ್ಟಿಂಗನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಆ ಕಪ್ಪನ್ನು ಗೆದ್ದಿತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರಿನದು. ಮರುವರ್ಷ, 1938ರಲ್ಲಿ, ಅದೇ ತಂಡ ಮತ್ತೆ ಗೆದ್ದಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಮೂರನೆಯ ಸಲ ಗೆದ್ದಿತು. ಈ ಹೆಸರನ್ನು ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿ ಎಷ್ಟು ಮಕ್ಕಳು ಓದಿದ್ದಾರೆ?

ಅದೇ 1948ರಲ್ಲಿ ಲಂಡನ್ ಒಲಿಂಪಿಕ್ ಪಂದ್ಯಗಳು ನಡೆದುವು. ಸ್ವತಂತ್ರ ಭಾರತಕ್ಕೆ ಆಗ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ನಮ್ಮ ಕಾಲ್ಚೆಂಡು ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಮೊದಲು ಫ್ರಾನ್ಸ್ ಒಂದು ಗೋಲು ಹೊಡೆಯಿತು. ಬೆಂಗಳೂರಿನ ಸಾರಂಗಪಾಣಿ ರಾಮನ್ ಅದನ್ನು ಸರಿದೂಗಿಸಿದರು. ದೊರೆತ ಎರಡು ಪೆನಾಲ್ಟಿಗಳು ಕೈತಪ್ಪಿದುವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ಆ ದಿನ ಪ್ರೇಕ್ಷಕರ ಮೆಚ್ಚುಗೆಗೆ ಪಾತ್ರರಾದವರು ನಮ್ಮವರು.

ಆ ತಂಡದ ರಚನೆಯನ್ನು ಸ್ವಲ್ಪ ಗಮನಿಸಬೇಕು. ರಾಮನ್, ಅಹಮದ್ ಖಾನ್, ಧನರಾಜ್, ಬಷೀರ್, ವಜ್ರವೇಲು ಇವರೆಲ್ಲರೂ ಬೆಂಗಳೂರಿನ ಕಡೆಯವರು. ಅಂದಿನ ಲೆಕ್ಕದಲ್ಲಿ ಮೈಸೂರಿನವರು. ಹೆಸರುಗಳನ್ನು ಕೇಳಿದರೇ ಸಾಕು, ದಂಡಿನ ಕೇರಿಗಳ ಮಾತುಗಳು ಕಿವಿಗೆ ಬೀಳುತ್ತವೆ. ಇವರಿಗೆ ನಾಯಕರಾಗಿದ್ದವರು ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೊ. ಬೆನ್ನಿಗೆ ನಿಂತು ಗೋಲನ್ನು ಕಾಯ್ದವರಲ್ಲಿ ಬಂಗಾಳದ ಶೈಲೇನ್ ಮನ್ನಾ ಒಬ್ಬರು. ಹೀಗೆ ಒಬ್ಬರ ಮನೆಮಾತು ಇನ್ನೊಬ್ಬರಿಗೆ ತಿಳಿಯದ ಹನ್ನೊಂದು ಮಂದಿ. ಆದರೂ ಚೆಂಡು ಯಾರ ಕಾಲಿಗೆ ಹೋಗಬೇಕೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಅಂದಹಾಗೆ ಈ ಆವೊ ಅವರು ಕಲ್ಕತ್ತೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದವರು. ಮುಂದೆ ಡಾಕ್ಟರಾಗಿ ಸ್ವಂತ ನಾಡಿಗೆ ಹಿಂದಿರುಗಿ ಜನರ ಸೇವೆ ಮಾಡಿದರು. ಆಟಕ್ಕೆ ಹೋದರೆ ಓದು ಕೆಡುತ್ತದೆಂದು ಹೇಳುವ ತಂದೆತಾಯಿಗಳು ಈ ಒಂದು ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯಲ್ಲಿ ನಮ್ಮ ತಂಡ ಯುಗೊಸ್ಲಾವಿಯದ ಎದುರು ಆಡಿತು. ಚಳಿಯ ನಾಡು, ಬರಿಗಾಲಿಗೆ ಒಗ್ಗದ ನೆಲ, ಎದುರಿಗೆ ಬಲಶಾಲಿಗಳಾದ ಆಟಗಾರರು. ಒಂದಾದ ಮೇಲೊಂದರಂತೆ ಹತ್ತು ಗೋಲುಗಳು ಬಿದ್ದುವು. ಆಟ ಮುಗಿಯಲು ಒಂದೆರಡು ನಿಮಿಷಗಳಿದ್ದುವು. ಆಗ ಅಹಮದ್ ಖಾನ್ ಒಂದು ಗೋಲು ಹೊಡೆದರು. ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. 10-0 ಹೋಗಿ 10-1 ಆಯಿತು, ಅಷ್ಟೆ. ಸೋಲು ಸೋಲೇ. ಆದರೆ ಶೀಲದ ಲೆಕ್ಕವೇ ಬೇರೆ. ಗೆಲ್ಲುವ ಆಸೆ ಪೂರ್ತಿಯಾಗಿ ಬತ್ತಿದ ಮೇಲೂ, ಯಾರೂ ತನ್ನಿಂದ ಏನನ್ನೂ ನಿರೀಕ್ಷಿಸದಿದ್ದ ಹೊತ್ತಿನಲ್ಲೂ, ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಚೆಂಡಿನ ಹಿಂದೆ ಓಡಿದನಲ್ಲ, ಆ ಓಟಕ್ಕೆ ಶೀಲವೆಂದು ಹೆಸರು. 1948ರ ಒಂದು ಗೋಲು, 1952ರ ಒಂದು ಗೋಲು, ಈ ಎರಡು ಒಲಿಂಪಿಕ್‌ಗಳಲ್ಲಿ ಭಾರತದ ಕಾಲ್ಚೆಂಡು ತಂಡ ಹೊಡೆದುದು ಇವೆರಡನ್ನೇ. ಎರಡೂ ಬೆಂಗಳೂರಿನ ಹುಡುಗರ ಕಾಲಿನಿಂದ ಬಂದುವು.

ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಹತ್ತು ವರ್ಷ ಆಡಿದರು. ಅವರೂ ಧನರಾಜರೂ ಆಂಧ್ರದ ಅಪ್ಪಾರಾವ್, ಕೇರಳದ ಸಾಲೆ ಮತ್ತು ವೆಂಕಟೇಶರೊಡನೆ ಮುಂದಿನ ಸಾಲಿನಲ್ಲಿ ಆಡುತ್ತಿದ್ದಾಗ ಬಂಗಾಳದ ಜನರು ಈ ಐವರಿಗೆ ಪಂಚಪಾಂಡವರೆಂದು ಹೆಸರಿಟ್ಟರು. ದಕ್ಷಿಣದಿಂದ ಹೋದವರನ್ನು ಪರಕೀಯರೆಂದು ದೂರವಿಡದೆ ಮಹಾಭಾರತದ ಹೆಸರು ಕೊಟ್ಟು ಮನೆಯವರನ್ನಾಗಿ ಮಾಡಿಕೊಂಡರು. ಅಹಮದ್ ಖಾನರು ತೊಂಬತ್ತು ವರ್ಷ ಬಾಳಿ 2017ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ದೇಶದ ಪ್ರಾಂತಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯಲ್ಲಿಯೂ ಮೈಸೂರಿನ ಹೆಸರು ಬೆಳಗಿತು. 1946-47ರಲ್ಲಿ ಬಲಿಷ್ಠ ಬಂಗಾಳವನ್ನು ಸೋಲಿಸಿ ಮೈಸೂರು ಗೆದ್ದಿತು. 1952-53ರಲ್ಲಿಯೂ 1967-68, 1968-69ರಲ್ಲಿಯೂ ಮತ್ತೆ ಗೆದ್ದಿತು. 1956ರ ನವೆಂಬರ್ ಒಂದರಂದು ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದುವು. ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡವೂ ಅಂದೇ ಸೇರಿತು. ಆ ತಿಂಗಳೇ ಮೆಲ್ಬರ್ನಿನಲ್ಲಿ ಒಲಿಂಪಿಕ್ ಪಂದ್ಯಗಳು ಆರಂಭವಾದುವು. ಡಿಸೆಂಬರ್ ಒಂದರಂದು, ಎಂದರೆ ಹೊಸ ರಾಜ್ಯಕ್ಕೆ ಸರಿಯಾಗಿ ಒಂದು ತಿಂಗಳು ತುಂಬಿದ ದಿನ, ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಉಪಾಂತ್ಯ ಪಂದ್ಯಕ್ಕೆ ಏರಿತು. ಏಷ್ಯದ ಯಾವ ದೇಶವೂ ಅದಕ್ಕೆ ಮೊದಲು ಆ ಮೆಟ್ಟಿಲನ್ನು ಮುಟ್ಟಿರಲಿಲ್ಲ. ಕೊನೆಗೆ ನಾಲ್ಕನೆಯ ಸ್ಥಾನ ದೊರೆಯಿತು. ಆ ತಂಡದಲ್ಲಿ ನಮ್ಮ ಕೆಂಪಯ್ಯನವರಿದ್ದರು. 1960ರ ರೋಮ್ ಒಲಿಂಪಿಕ್‌ಗೂ ಅವರು ಹೋದರು. ರಾಮನ್, ಅಹಮದ್, ಕೆಂಪಯ್ಯ: ಮೂರು ಮನೆಗಳ ಹೆಸರು, ಒಂದೇ ಊರಿನ ಆಟ.

ಚರಿತ್ರೆ ಇಷ್ಟು. ಇದರಿಂದ ನಾವು ತಿಳಿಯತಕ್ಕುದೇನು? ಚೆಂಡನ್ನು ಒದ್ದ ಮಾತ್ರಕ್ಕೆ ಹುಡುಗ ಶೀಲವಂತನಾಗುತ್ತಾನೆಂದು ನಾನು ಹೇಳುವುದಿಲ್ಲ. ಮೈದಾನದಲ್ಲಿ ಜಗಳ, ಬೈಗಳು, ಮೋಸ ಎಲ್ಲವೂ ಉಂಟು. ತೀರ್ಪುಗಾರನ ಕಣ್ಣು ತಪ್ಪಿಸಿ ಅಂಗಿ ಹಿಡಿದೆಳೆಯುವುದನ್ನೂ, ತಾಗದಿದ್ದರೂ ಬಿದ್ದು ಹೊರಳಾಡುವುದನ್ನೂ ದೊಡ್ಡ ಆಟಗಾರರಿಂದಲೇ ಮಕ್ಕಳು ದೂರದರ್ಶನದಲ್ಲಿ ಕಲಿಯುತ್ತಾರೆ. 1891ರಲ್ಲಿ ಪೆನಾಲ್ಟಿಯ ನಿಯಮವನ್ನು ತಂದುದೇ ಆಟಗಾರರು ಗೋಲಿನ ಹತ್ತಿರ ಬೇಕೆಂದೇ ತಪ್ಪು ಮಾಡುತ್ತಿದ್ದುದರಿಂದ. ಎಂದ ಮೇಲೆ ಆಟದಲ್ಲಿ ಒಳ್ಳೆಯದೂ ಇದೆ, ಕೆಟ್ಟದೂ ಇದೆ. ಒಳ್ಳೆಯದು ಮೇಲೆ ಬರಬೇಕಾದರೆ ಮೂರು ಸಂಗತಿಗಳು ಇರಬೇಕೆಂದು ನನಗೆ ತೋರುತ್ತದೆ.

ಮೊದಲನೆಯದು, ಎಲ್ಲರಿಗೂ ಒಂದೇ ಕಟ್ಟಳೆ. ಚೆಂಡನ್ನು ತಂದವನ ಮಗನಿಗೂ ಚಪ್ಪಲಿಯಿಲ್ಲದೆ ಬಂದವನಿಗೂ ಒಂದೇ ಸೀಟಿ ಊದಬೇಕು. ಸೀಟಿ ಊದಿದ ಮೇಲೆ ವಾದವಿಲ್ಲ. ತೀರ್ಪು ತಪ್ಪೆಂದು ಗೊತ್ತಿದ್ದೂ ಆಟ ಮುಂದುವರಿಸುವುದನ್ನು ಹನ್ನೆರಡು ವರ್ಷದ ಹುಡುಗ ಕಲಿತರೆ, ಮುಂದೆ ಕಚೇರಿಯಲ್ಲಿ ಬಡ್ತಿ ತಪ್ಪಿದ ದಿನವೂ ಅವನು ಮಾರನೆಯ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬಲ್ಲ. ಎರಡನೆಯದು, ಜೊತೆಗೆ ನಿಲ್ಲುವ ಒಬ್ಬ ಹಿರಿಯ. ಅವನು ದೊಡ್ಡ ಆಟಗಾರನಾಗಿರಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಬರುವವನೂ, ಗೆದ್ದವರನ್ನು ತಲೆಯ ಮೇಲೆ ಕೂರಿಸಿ ಸೋತವರನ್ನು ಹೀಯಾಳಿಸದವನೂ ಆದರೆ ಸಾಕು. ಮೂರನೆಯದು, ಆಟದಲ್ಲಿ ಹಿಂದಿರುವವನಿಗೂ ಒಂದು ಸ್ಥಾನ. ಹತ್ತು ಮಂದಿ ಚುರುಕಾಗಿದ್ದು ಒಬ್ಬ ನಿಧಾನದವನಾದರೆ, ಅವನಿಗೂ ಚೆಂಡು ಕೊಡದೆ ಪಂದ್ಯ ಗೆಲ್ಲಲಾಗದೆಂಬುದನ್ನು ಹತ್ತು ಮಂದಿ ಕಲಿಯಬೇಕು. ತಾನೇ ಗೋಲು ಹೊಡೆಯುವ ಆಸೆಯನ್ನು ಬಿಟ್ಟು ಪಕ್ಕದವನಿಗೆ ಚೆಂಡನ್ನು ದಾಟಿಸುವ ಆ ಒಂದು ಕ್ಷಣದಲ್ಲಿ ಅಡಗಿರುವ ತ್ಯಾಗವನ್ನು ಯಾವ ನೀತಿಪಾಠದ ಪುಸ್ತಕವೂ ಅಷ್ಟು ಬೇಗ ಕಲಿಸಲಾರದು.

ಇನ್ನೊಂದು ಮಾತು. ಈ ಆಟಕ್ಕೆ ಭಾಷೆಯ ಹಂಗು ಬಹಳ ಕಡಮೆ. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿಗೂ ಅರ್ಜೆಂಟೈನಾಗೂ ನಡೆದ ಪಂದ್ಯದಲ್ಲಿ ಜರ್ಮನಿಯ ತೀರ್ಪುಗಾರರು ಅರ್ಜೆಂಟೈನಾದ ನಾಯಕನನ್ನು ಹೊರಗೆ ಕಳುಹಿಸಿದಾಗ, ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ದೊಡ್ಡ ಗೊಂದಲವಾಯಿತು. ಇದನ್ನು ಕಂಡ ಕೆನ್ ಆಸ್ಟನ್ ಎಂಬ ಇಂಗ್ಲಿಷ್ ತೀರ್ಪುಗಾರರಿಗೆ ಬೀದಿಯ ಸಂಚಾರ ದೀಪಗಳನ್ನು ನೋಡಿ ಒಂದು ಉಪಾಯ ಹೊಳೆಯಿತು. ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ಹೊರಗೆ. 1970ರ ವಿಶ್ವಕಪ್ಪಿನಿಂದ ಈ ಚೀಟಿಗಳು ಬಳಕೆಗೆ ಬಂದುವು. ಮಾತು ಬಾರದವನಿಗೂ ನ್ಯಾಯ ತಿಳಿಯಬೇಕೆಂಬ ಕಾಳಜಿಯಿಂದ ಹುಟ್ಟಿದ ಏರ್ಪಾಡಿದು. ಪರಭಾಷೆಯ ಊರಿನಲ್ಲಿ ಬಾಳಿದವರಿಗೆ ಇದರ ಬೆಲೆ ಚೆನ್ನಾಗಿ ತಿಳಿದೀತು.

ಈಗ ನಮ್ಮ ಚೆನ್ನೈಯನ್ನೇ ನೋಡೋಣ. ಉತ್ತರ ಭಾಗದ ವ್ಯಾಸರ್ಪಾಡಿ ಕೂಲಿನಾಲಿ ಮಾಡುವವರ ಕೇರಿ. ಒಂದು ಕಾಲಕ್ಕೆ ಆ ಹೆಸರು ಪತ್ರಿಕೆಗಳಲ್ಲಿ ಬರುತ್ತಿದ್ದುದು ಹೊಡೆದಾಟದ ಸುದ್ದಿಯಲ್ಲಿ. ಅಲ್ಲಿಯ ಕೆಲವು ತರುಣರು 1990ರ ದಶಕದ ಕೊನೆಯಲ್ಲಿ ಒಂದು ಸಂಸ್ಥೆ ಕಟ್ಟಿ ಮಕ್ಕಳಿಗೆ ಹಣವಿಲ್ಲದೆ ಕಾಲ್ಚೆಂಡು ಕಲಿಸತೊಡಗಿದರು. ಆಟದ ಜೊತೆಗೆ ಸಂಜೆಯ ಪಾಠವೂ ಉಂಟು. ಈಗ ಆ ಕೇರಿಯ ಹೆಸರು ಕಾಲ್ಚೆಂಡಿನಿಂದಲೇ ತಿಳಿದುಬರುತ್ತದೆ. ಬೆಂಗಳೂರಿನ ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡ ಜನರಿಗೂ ಇವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಆಟದಿಂದ ಹೊಟ್ಟೆಪಾಡಿಗೆ ದಾರಿಯಾದುದೂ ಉಂಟು. ಚೆನ್ನೈಯ ಇಂಡಿಯನ್ ಬ್ಯಾಂಕಿನ ತಂಡ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ ಕೆಲವು ವರ್ಷ ಆಡಿತು. ಪೆರಂಬೂರಿನ ಐ.ಸಿ.ಎಫ್., ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಸಂಸ್ಥೆಗಳು ಆಟಗಾರರಿಗೆ ಉದ್ಯೋಗ ಕೊಟ್ಟು ತಂಡ ಕಟ್ಟಿದುವು. ಬ್ಯಾಂಕಿನ ಕೌಂಟರಿನಲ್ಲಿ ಹೊತ್ತು ಕಳೆಯುವ ನನ್ನಂಥವರಿಗೆ ಇದು ಚೆನ್ನಾಗಿ ಗೊತ್ತು: ಆಟದ ಮೂಲಕ ಕೆಲಸಕ್ಕೆ ಬಂದವನು ಪಕ್ಕದ ಮೇಜಿನವನ ಲೆಕ್ಕ ಹೊಂದದಿದ್ದರೆ ತನ್ನ ಚೀಲ ಎತ್ತಿಕೊಂಡು ಮನೆಗೆ ಹೊರಡುವುದಿಲ್ಲ.

ನಮ್ಮ ಮಕ್ಕಳ ವಿಚಾರಕ್ಕೆ ಬರೋಣ. ಹೋಟೆಲಿನ ಕೆಲಸಕ್ಕೆಂದು ಉಡುಪಿಯ ಕಡೆಯಿಂದ ಬಂದವರು, ವ್ಯಾಪಾರಕ್ಕೆ ಬಂದವರು, ಬ್ಯಾಂಕು, ರೈಲ್ವೆ, ಕಂಪ್ಯೂಟರ್ ಕಂಪೆನಿಗಳಿಗೆ ಬಂದವರು, ಹೀಗೆ ನಾವೆಲ್ಲ ಈ ಊರಿಗೆ ಬಂದು ಸೇರಿದ್ದೇವೆ. ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಶಾಲೆ ಬಿಟ್ಟರೆ ಟ್ಯೂಷನ್, ಟ್ಯೂಷನ್ ಬಿಟ್ಟರೆ ಮೊಬೈಲು. ಬೀದಿಯ ಮಕ್ಕಳೊಡನೆ ಸೇರಬೇಡ, ಮಾತು ಕೆಟ್ಟೀತು ಎಂದು ಹೇಳುವ ತಾಯಂದಿರನ್ನು ನಾನು ಬಲ್ಲೆ. ಕನ್ನಡ ಉಳಿಯಲೆಂಬ ಒಳ್ಳೆಯ ಮನಸ್ಸಿನಿಂದಲೇ ಅವರು ಹಾಗೆನ್ನುತ್ತಾರೆ. ಆದರೆ ಬಾಗಿಲು ಮುಚ್ಚಿ ಕಾಯ್ದ ಭಾಷೆ ಎಷ್ಟು ದಿನ ಉಸಿರಾಡೀತು? ದಂಡಿನ ಕೇರಿಗಳಲ್ಲಿ ತಮಿಳೂ ಉರ್ದುವೂ ಮನೆಮಾತಾಗಿದ್ದ ಹುಡುಗರು ಅದನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಡದೆಯೇ ಮೈಸೂರಿನ ಅಂಗಿ ತೊಟ್ಟು ಮೈಸೂರಿಗಾಗಿ ಬಂಗಾಳವನ್ನು ಸೋಲಿಸಿದರು. ಅವರು ಅಲ್ಲಿಗೆ ಹೇಗೋ ನಾವು ಇಲ್ಲಿಗೆ ಹಾಗೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವಾಡಿ, ಮೈದಾನದಲ್ಲಿ ಈ ಊರಿನ ತಂಡಕ್ಕಾಗಿ ಈ ಊರಿನ ಮಾತಿನಲ್ಲಿ ಕೂಗಿ ಆಡಿದರೆ ಕನ್ನಡಕ್ಕೆ ಕುಂದಿಲ್ಲ. ಕನ್ನಡಿಗನೆಂದರೆ ನಂಬಬಹುದಾದ ಜೊತೆಗಾರನೆಂದು ಪಕ್ಕದ ಮನೆಯವರಿಗೆ ತಿಳಿಯುವುದು ಹಾಗೆಯೇ. ಎರಡು ರಾಜ್ಯಗಳ ನಡುವೆ ನೀರಿನ ವಿಚಾರದಲ್ಲಿ ಮಾತು ಬಿಸಿಯಾದ ದಿನಗಳಲ್ಲಿ ಈ ನಂಬಿಕೆಯ ಬೆಲೆ ಎಷ್ಟೆಂಬುದನ್ನು ನಾವೆಲ್ಲ ಕಂಡವರೇ.

2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐ.ಎಸ್.ಎಲ್. ಅಂತಿಮ ಪಂದ್ಯ ಬೆಂಗಳೂರು ಮತ್ತು ಚೆನ್ನೈ ತಂಡಗಳ ನಡುವೆ ನಡೆಯಿತು. ಚೆನ್ನೈ 3-2ರಿಂದ ಗೆದ್ದಿತು. ಅಂದು ಯಾರ ಪಕ್ಷ ವಹಿಸಬೇಕೆಂಬ ಪೇಚು ಇಲ್ಲಿಯ ಕನ್ನಡಿಗರ ಮನೆಗಳಿಗೇ ವಿಶೇಷವಾಗಿ ಸೇರಿದುದು. ಅಪ್ಪ ಬೆಂಗಳೂರು, ಮಗ ಚೆನ್ನೈ ಎಂದು ಇಬ್ಭಾಗವಾದರೂ ಒಂದೇ ತಟ್ಟೆಯ ಕೋಡುಬಳೆ ತಿನ್ನುತ್ತ ಪಂದ್ಯ ನೋಡಲು ಬರುತ್ತದೆಂದಾದರೆ, ಅದೂ ಒಂದು ಬಾಳುವೆಯ ವಿದ್ಯೆಯೇ.

ಕೆಲವರು ಆಕ್ಷೇಪಿಸಬಹುದು. ಮದ್ರಾಸಿನ ಬಿಸಿಲು, ಅದರಲ್ಲಿಯೂ ಕತ್ತರಿ ಬಿಸಿಲು, ಆಡುವ ಬಿಸಿಲೇ? ಅಲ್ಲ. ಬೆಳಗ್ಗೆ ಆರರಿಂದ ಏಳೂವರೆ ಸಾಕು. ಕೈಕಾಲಿಗೆ ಪೆಟ್ಟಾಗದೆ? ಆಗುತ್ತದೆ, ವಾಸಿಯಾಗುತ್ತದೆ. ಹೆಣ್ಣು ಮಕ್ಕಳಿಗೆ? ಅವರಿಗೂ ಬೇಕು. ಗಂಡು ಮಕ್ಕಳು ಸೋಲಿನ ರುಚಿ ಕಂಡು ಗಟ್ಟಿಯಾಗುವುದಾದರೆ ಹೆಣ್ಣು ಮಕ್ಕಳಿಗೆ ಆ ಪಾಠ ಏಕೆ ಬೇಡ? ನಮ್ಮಂಥ ಸಂಘಗಳು ಹಾಡು, ನಾಟಕ, ರಂಗೋಲಿ ಸ್ಪರ್ಧೆಗಳ ಜೊತೆಗೆ ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಒಂದು ಚೆಂಡು, ಒಂದು ಸೀಟಿ, ಒಬ್ಬ ಹಿರಿಯರನ್ನು ಒದಗಿಸಿದರೆ ಸಾಕು. ಖರ್ಚಿನ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ ಬಾಬು ಇನ್ನೊಂದಿಲ್ಲ. ಒಂದು ಷರತ್ತು ಮಾತ್ರ ಇರಲಿ: ತಂಡವನ್ನು ಕನ್ನಡದ ಮಕ್ಕಳಿಗಷ್ಟೇ ಮೀಸಲಿಡಬಾರದು. ಬೀದಿಯ ಮಕ್ಕಳೂ, ಕಾವಲುಗಾರನ ಮಗನೂ, ಮನೆಗೆಲಸದವಳ ಮಗಳೂ ಬರಲಿ. ಇಲ್ಲವಾದರೆ ಬೆಂಗಳೂರಿನ ದಂಡಿನಿಂದ ನಾವು ಏನನ್ನೂ ಕಲಿಯಲಿಲ್ಲವೆಂದಾಯಿತು.

1969ರ ಬಳಿಕ ಐವತ್ತನಾಲ್ಕು ವರ್ಷ ಸಂತೋಷ್ ಟ್ರೋಫಿ ಕನ್ನಡನಾಡಿಗೆ ಬರಲಿಲ್ಲ. ಈ ನಡುವೆ 1973ರಲ್ಲಿ ಮೈಸೂರು ಕರ್ನಾಟಕವಾಯಿತು. ಹಾಗಾಗಿ ಕರ್ನಾಟಕವೆಂಬ ಹೆಸರಿನಲ್ಲಿ ಆ ಟ್ರೋಫಿಯನ್ನು ಗೆದ್ದುದೇ ಇರಲಿಲ್ಲ. 2023ರ ಮಾರ್ಚ್ 4ರಂದು ದೂರದ ಸೌದಿ ಅರೇಬಿಯದ ರಿಯಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮರಳಿ ತಂದಿತು. ಅರ್ಧ ಶತಮಾನ ಕಾದು ಗೆಲ್ಲಬೇಕಾದರೆ ನಡುವಣ ವರ್ಷಗಳಲ್ಲಿ ಸೋಲುತ್ತಲೇ ಇದ್ದರೂ ಆಟವನ್ನು ಕೈಬಿಡದ ಹುಡುಗರು ಪೀಳಿಗೆ ಪೀಳಿಗೆಗೂ ಇದ್ದಿರಬೇಕು. ಅವರ ಹೆಸರನ್ನು ಯಾವ ಸಂಚಿಕೆಯೂ ಅಚ್ಚುಹಾಕಲಿಲ್ಲ. ನಾಡನ್ನು ಕಟ್ಟುವವರಲ್ಲಿ ಇಂಥವರೇ ಹೆಚ್ಚು. ನಮ್ಮ ಮಕ್ಕಳು ಗೆದ್ದು ಬರಲಿ, ಸೋತು ಬರಲಿ, ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ನಾಲ್ಕು ಭಾಷೆಗಳ ಗೆಳೆಯರೊಡನೆ ಮನೆಗೆ ಬರಲಿ.